ಜ್ವರ ಅಂತ ಹೇಳಿದ್ದು ತಪ್ಪಾಯ್ತು

ಇವತ್ತು ನಮ್ಮನೇಲಿ ನಾವೇ ಮಾಡಿದ ಒಂದು ತಪ್ಪಿನ ಬಗ್ಗೆ ಹೇಳ್ತೀನಿ.

ಅಕ್ಕನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಅವಳ ಮಗನಿಗೆ 5 ವರ್ಷ. ಚಿಕ್ಕ ಮಗು, ಹೆದರುತ್ತೆ ಅಂತ "ಅಮ್ಮಂಗೆ ಜ್ವರ" ಅಂದ್ವಿ. ಕೀಮೋ ಶುರುವಾಗಿ ಕೂದಲು ಉದುರಿದಾಗಲೂ ಅದನ್ನೇ ಹೇಳಿದ್ವಿ. ಒಂದು ರಾತ್ರಿ ಅವನಿಗೇ ಮೈ ಬಿಸಿಯಾಯ್ತು. ನನ್ನ ಕೈ ಹಿಡ್ಕೊಂಡು ಕೇಳಿದ: "ಮಾಮ, ನನ್ನ ಕೂದಲೂ ಹೋಗುತ್ತಾ?"

ಅವನ ಜ್ವರ ಇಳಿದ ಮೇಲೆ ಅಕ್ಕನೇ ಪಕ್ಕ ಕೂರಿಸ್ಕೊಂಡಳು. "ನಂಗೆ ಬಂದಿರೋದು ಜ್ವರ ಅಲ್ಲ ಪುಟ್ಟ, ಕ್ಯಾನ್ಸರ್. ಮುತ್ತು ಕೊಟ್ರೆ ನಿಂಗೆ ಅಂಟಲ್ಲ. ನೀನು ಹಟ ಮಾಡಿದ್ದಕ್ಕೆ ಬಂದಿದ್ದೂ ಅಲ್ಲ."

ಕೀಮೋ ಔಷಧಿ ಬೇಗ ಬೇಗ ಬೆಳೆಯೋ ಜೀವಕೋಶಗಳ ಮೇಲೆ ದಾಳಿ ಮಾಡುತ್ತೆ. ಕೂದಲಿನ ಬುಡದಲ್ಲಿರೋದೂ ಅಂಥವೇ. ಮಗುವಿಗೆ ಅಷ್ಟೆಲ್ಲ ಬೇಕಾಗಲಿಲ್ಲ. "ಔಷಧಿ ತುಂಬಾ ಜೋರು, ಅದಕ್ಕೇ ಉದುರಿದೆ" ಅನ್ನೋದೇ ಸಾಕಾಯ್ತು.

"ನೀನು ಸತ್ತೋಗ್ತೀಯಾ?" ಅಂದ.

ಅಕ್ಕ ಸುಳ್ಳು ಭರವಸೆ ಕೊಡಲಿಲ್ಲ. "ವಾಸಿ ಮಾಡೋಕೇ ಡಾಕ್ಟ್ರು ಔಷಧಿ ಕೊಡ್ತಿದ್ದಾರೆ. ಏನೇ ಬದಲಾದ್ರೂ ನಿಂಗೆ ನಾನೇ ಹೇಳ್ತೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀನು ಆಸ್ಪತ್ರೆಗೆ ಹೋದ್ರೆ ನನ್ನ ಟಿಫನ್ ಬಾಕ್ಸ್ ಯಾರು ಕಟ್ತಾರೆ?"

"ಅಜ್ಜಿ ಕಟ್ತಾರೆ. ಮಾಮ ಸ್ಕೂಲಿಗೆ ಬಿಡ್ತಾನೆ."

ಅವತ್ತು ಅವನು ನೆಮ್ಮದಿಯಾಗಿ ಮಲಗಿದ.

ನಾವು ಬಾಯಿ ಮುಚ್ಕೊಂಡಿದ್ರೂ ಮಕ್ಕಳು ಏನೋ ಒಂದು ಊಹಿಸಿಕೊಂಡಿರ್ತಾರೆ. ಆ ಊಹೆ ಎಷ್ಟೋ ಸಲ ನಿಜಕ್ಕಿಂತ ಭಯಂಕರ. ಹಾಗಾಗಿ ಕಾಯಿಲೆಯ ಹೆಸರು ಹೇಳಿಬಿಡಿ. ಮುಂದಿನ ಎಪಿಸೋಡಲ್ಲಿ ಸಿಗೋಣ.