ಎದೆಹಾಲು, ಡಬ್ಬಿಹಾಲು ಮತ್ತು ಕೂಲಿ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕೂಸಿಗೆ ಎದೆಹಾಲೋ ಡಬ್ಬಿಹಾಲೋ ಅನ್ನೋದು ಹೆಂಗಸರ ಮಾತು, ನಮಗ್ಯಾಕೆ ಅಂತ ಕೆಲವರು ನಗಬಹುದು. ನಗಬೇಡಿ. ನಾವು ಕೂಲಿ ತಾಯಂದಿರ ಮಕ್ಕಳು. ನಮ್ಮಲ್ಲಿ ಬಹಳ ಮಂದಿ ಹೊಲದ ಬದುವಿನ ಮರಕ್ಕೆ ಕಟ್ಟಿದ ಸೀರೆ ಜೋಲಿಯಲ್ಲಿ ಬೆಳೆದವರು. ಇದು ಕೂಲಿಯ ಪ್ರಶ್ನೆ, ಆದ್ದರಿಂದ ನಮ್ಮ ಪ್ರಶ್ನೆ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, 6 ತಿಂಗಳವರೆಗೆ ಅದೊಂದೇ, ಆಮೇಲೆ ಬೇರೆ ಆಹಾರದ ಜೊತೆ 2 ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಕುಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು ಮೌಢ್ಯ. ರೋಗದ ವಿರುದ್ಧ ಕೂಸಿಗೆ ಸಿಗುವ ಮೊದಲ ಕಾವಲು ಅದೇ.

ಡಬ್ಬಿಹಾಲಿನ ಕಂಪನಿಗಳು ಆಫ್ರಿಕಾ, ಏಷ್ಯಾದ ಬಡ ದೇಶಗಳಿಗೆ ಬಂದವು. ನರ್ಸಿನ ಬಟ್ಟೆ ತೊಟ್ಟ ಹೆಂಗಸರನ್ನು ಕಳಿಸಿ ಮಾಲು ಮಾರಿದವು. ಪುಡಿ ದುಬಾರಿ. ಬಡ ತಾಯಿ ನೀರು ಹೆಚ್ಚು ಬೆರೆಸಿ ಡಬ್ಬಿಯನ್ನು ದಿನಗಟ್ಟಲೆ ಎಳೆದಳು. ಹಾಲು ತೆಳ್ಳಗಾಯ್ತು, ನೀರು ಕೊಳಕು, ಬಾಟ್ಲಿ ಕೊಳಕು. ಭೇದಿ ಹತ್ತಿ ಕೂಸುಗಳು ಸತ್ತವು. 1977ರಲ್ಲಿ ಅಮೆರಿಕದ ಜನರೇ ನೆಸ್ಲೆ ಕಂಪನಿಯ ಮಾಲಿಗೆ ಬಹಿಷ್ಕಾರ ಹಾಕಿದರು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಈ ಮಾರಾಟಕ್ಕೆ ಕಡಿವಾಣ ಹಾಕುವ ಸಂಹಿತೆ ತಂದಿತು. ಪರವಾಗಿ 118 ದೇಶ. ವಿರುದ್ಧ ಓಟು ಹಾಕಿದ್ದು ಅಮೆರಿಕ ಸರ್ಕಾರ ಒಂದೇ. ನಮ್ಮ ದೇಶ 1992ರಲ್ಲಿ ಕಾನೂನು ಮಾಡಿ ಕೂಸಿನ ಡಬ್ಬಿಹಾಲಿನ ಜಾಹೀರಾತನ್ನೂ ಪುಕ್ಕಟೆ ಸ್ಯಾಂಪಲ್ಲನ್ನೂ ನಿಷೇಧಿಸಿತು.

ಸರಿ. ಆದರೆ ಆಸ್ಪತ್ರೆ ಗೋಡೆ ಮೇಲೆ ತಾಯಿಹಾಲು ಅಮೃತ ಅಂತ ಬರೆದರೆ ಸಾಕೆ? ಬಾಣಂತನ ಮುಗಿಯೋ ಮುಂಚೆ ಕಳೆ ಕೀಳಲು ಹೋಗುವ ತಾಯಿ ಆ ಅಮೃತ ಯಾವಾಗ ಕುಡಿಸಬೇಕು? ಬೆಳಿಗ್ಗೆ ಬಿಟ್ಟುಹೋದ ಕೂಸು ಸಂಜೆಗೆ ಸಿಗುತ್ತೆ. ಕುಡಿಸದಿದ್ದರೆ ಹಾಲು ಬತ್ತುತ್ತೆ. ಕರುವಿಗೆ ಪಾಲು ಬಿಟ್ಟು ಹಸು ಕರೆಯೋ ಊರಲ್ಲಿ ನಮ್ಮವ್ವನ ಕೂಸಿಗೆ ಪಾಲು ಬಿಡೋರಿಲ್ಲ. ಇವಳಿಗೆ ಆಯ್ಕೆ ಎಲ್ಲಿದೆ?

1928ರಲ್ಲೇ ಬಾಬಾಸಾಹೇಬರು ಮುಂಬಯಿ ಶಾಸನ ಸಭೆಯಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರ ನಿಂತರು. ಹೆರಿಗೆಗೆ ಮುಂಚೆ, ಹೆರಿಗೆಯಾದ ಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ ಎಂದರು. 1961ರ ಕಾಯ್ದೆ 12 ವಾರ ರಜೆ ಕೊಟ್ಟಿತು, 2017ರ ತಿದ್ದುಪಡಿ ಅದನ್ನು 26 ವಾರಕ್ಕೆ ಏರಿಸಿತು. ಅದೆಲ್ಲ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಹೊಲದ ಕೂಲಿಯವಳಿಗೆ ದಕ್ಕಲಿಲ್ಲ.

ಇನ್ನೊಂದು ಮಾತು. ಹಾಲು ಸಾಲದ ತಾಯಿ, ಕಾಯಿಲೆಯ ತಾಯಿ, ತಾಯಿಯಿಲ್ಲದ ಕೂಸು ಇರುತ್ತಾರೆ. ಅವರಿಗೆ ಡಬ್ಬಿಹಾಲು ಬೇಕಾಗುತ್ತೆ. ಡಾಕ್ಟರನ್ನು ಕೇಳಿ, ಕುದಿಸಿದ ನೀರಲ್ಲಿ, ಡಬ್ಬಿ ಮೇಲಿನ ಅಳತೆ ತಪ್ಪದೆ, ಬಿಸಿನೀರಲ್ಲಿ ತೊಳೆದ ಒಳಲೆಯಲ್ಲಿ ಕುಡಿಸಲಿ. ಆ ತಾಯಿಯನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ.

2023ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯ್ತಿಗಳಲ್ಲಿ ಕೂಲಿಕಾರರ ಮಕ್ಕಳಿಗೆ 'ಕೂಸಿನ ಮನೆ' ಶುರುಮಾಡಿತು. ರಜೆಗೆ ಊರಿಗೆ ಹೋದಾಗ ನಾವು ಪಂಚಾಯ್ತಿಯಲ್ಲಿ ಕೇಳೋಣ: ನಮ್ಮಲ್ಲಿ ಕೂಸಿನ ಮನೆ ಇದೆಯಾ? ಬಾಗಿಲು ತೆಗೆದಿದೆಯಾ? ತಾಯಿ ಕೆಲಸದ ನಡುವೆ ಬಂದು ಹಾಲೂಡಿಸಿ ಹೋದರೆ ಕೂಲಿ ಮುರೀತಾರಾ? ಒಬ್ಬೊಬ್ಬರೇ ಹೋಗೋದು ಬೇಡ, ನಾಲ್ಕು ಜನ ಕೂಡಿ ಹೋಗೋಣ. ಅರ್ಜಿ ಬರೆದು ಕೊಟ್ಟು ಸಹಿ ಹಾಕಿಸಿಕೊಳ್ಳೋಣ. ನಾವು ಅಕ್ಷರ ಕಲಿತದ್ದು ಇದಕ್ಕೂ ಹೌದು.