ಸಮಾಜವಾದವೋ, ಬಂಡವಾಳವಾದವೋ? ಗೂಡಿನ ಮಾರುಕಟ್ಟೆಯಲ್ಲಿ ನಿಂತು ಕೇಳೋಣ

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ಮಾಡಿದ ಭಾಷಣ)



ಚುನಾವಣೆ ಬಂದಾಗ ಸಮಾಜವಾದ, ಬಂಡವಾಳವಾದ ಎಂಬ ದೊಡ್ಡ ಪದಗಳು ಮೈಕಿನಲ್ಲಿ ಕೇಳುತ್ತವೆ. ಪಕ್ಕದ ಬಾಗೇಪಲ್ಲಿಯಿಂದ 1994 ಮತ್ತು 2004ರಲ್ಲಿ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿಯವರು ಶಾಸಕರಾಗಿ ಗೆದ್ದಿದ್ದರು. ಕೆಂಬಾವುಟ ನಮಗೆ ಹೊಸದಲ್ಲ. ಆದರೂ "ಇದೆಲ್ಲ ಗಂಡಸರ ಮಾತು, ನಮಗ್ಯಾಕೆ?" ಅಂತ ನಾವು ಎದ್ದು ಹೋಗ್ತೀವಿ. ಹಾಗೆ ಹೋಗಬಾರದು. ಈ ಚರ್ಚೆ ನಮ್ಮ ಗೂಡಿನ ಬೆಲೆಯಲ್ಲಿದೆ, ಸಾಲದ ಕಂತಿನಲ್ಲಿದೆ.

ಭೂಮಿ, ಕಾರ್ಖಾನೆ, ಬ್ಯಾಂಕು ಸಮಾಜದ ಕೈಯಲ್ಲಿರಲಿ, ಫಲ ಎಲ್ಲರಿಗೂ ಹಂಚಿಕೆಯಾಗಲಿ ಎನ್ನುವುದು ಸಮಾಜವಾದ. ಅವು ಖಾಸಗಿಯವರ ಕೈಯಲ್ಲಿರಲಿ, ಬೆಲೆಯನ್ನು ಪೈಪೋಟಿ ತೀರ್ಮಾನಿಸಲಿ ಎನ್ನುವುದು ಬಂಡವಾಳವಾದ.

ಗೂಡು ಕಲಿಸುವ ಪಾಠ

ಹಗಲು ರಾತ್ರಿ ಸೊಪ್ಪು ಹಾಕಿ ಹುಳು ಸಾಕುವುದರಲ್ಲಿ ಹೆಂಗಸರ ದುಡಿಮೆ ಎಷ್ಟಿದೆ ಅಂತ ನಿಮಗೇ ಗೊತ್ತು. ಆದರೆ ಗೂಡನ್ನು ರಾಗಿಯ ಹಾಗೆ ಮನೇಲಿ ಇಟ್ಟುಕೊಳ್ಳೋಕಾಗಲ್ಲ. ಕೆಲವು ದಿನ ಕಳೆದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಬೇಗ ಮಾರಲೇಬೇಕಾದವರಿಗೆ ಚೌಕಾಸಿ ಮಾಡುವ ಬಲ ಎಲ್ಲಿಂದ ಬರಬೇಕು? ಅದಕ್ಕೇ 1959ರ ರಾಜ್ಯದ ಕಾಯ್ದೆ ಗೂಡಿನ ವ್ಯಾಪಾರವನ್ನು ನಿಯಂತ್ರಣಕ್ಕೆ ತಂದಿತು. ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಯಲ್ಲಿ ಬೆಲೆ ಏರಿಸುವುದು ರೀಲರುಗಳ ಪೈಪೋಟಿ. ಹರಾಜಿಗೂ ತೂಕಕ್ಕೂ ಕಟ್ಟುಪಾಡು ಹಾಕುವುದು ಸರ್ಕಾರ. ಎರಡೂ ಬೇಕು.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದರು. ನೇಕಾರರಿಗೆ ಅಗ್ಗದ ನೂಲು ಬೇಕಿತ್ತು, ಅವರ ಹೊಟ್ಟೆಪಾಡೂ ದೊಡ್ಡದೇ. ಆದರೆ ಚೀನಾ ರೇಷ್ಮೆಯೆದುರು ನಮ್ಮ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇಕಡ 15ಕ್ಕೆ ಏರಿತು. ದೆಹಲಿಯಲ್ಲಿ ಒಂದು ಅಂಕಿ ಬದಲಾದರೆ ಇಲ್ಲಿ ಮಗಳ ಕಾಲೇಜು ಫೀಸಿಗೆ ಪೆಟ್ಟು.

ಹಾಗಂತ ಎಲ್ಲವನ್ನೂ ಸರ್ಕಾರವೇ ಹಿಡಿದರೆ ಸರಿಹೋಗುತ್ತಾ? ಸೋವಿಯತ್ ಒಕ್ಕೂಟದಲ್ಲಿ ರೈತರ ಜಮೀನನ್ನು ಬಲವಂತವಾಗಿ ಒಟ್ಟುಗೂಡಿಸಿದರು, ಧಾನ್ಯ ಕಿತ್ತುಕೊಂಡರು. 1932-33ರ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ನಮ್ಮಲ್ಲಿ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಕಾನೂನಿನ ದಾರಿಯಲ್ಲೇ ಗೇಣಿದಾರರನ್ನು ಜಮೀನಿನ ಒಡೆಯರನ್ನಾಗಿ ಮಾಡಿತು. ಇನ್ನೊಂದು ಕಡೆ, ಸಾಲವನ್ನು ಬರೀ ಲಾಭಕ್ಕೆ ಬಿಟ್ಟರೆ ಏನಾಗುತ್ತೆ ಅಂತಲೂ ನೋಡಿದ್ದೇವೆ. ಕಿರುಸಾಲದ ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಾನೂನೇ ತರಬೇಕಾಯಿತು.

ಯುದ್ಧಕ್ಕೆ ಹೇಳುವ ಕಾರಣಗಳು

ವಾದ ಬಾಯಲ್ಲಿದ್ದರೆ ಚರ್ಚೆ, ಬಂದೂಕಿನಲ್ಲಿದ್ದರೆ ಸಾವು. ಕಮ್ಯುನಿಸಂ ತಡೆಯುತ್ತೇವೆ ಎಂದು ಅಮೆರಿಕ ವಿಯೆಟ್ನಾಂನಲ್ಲಿ ಯುದ್ಧ ಮಾಡಿತು. ಸಮಾಜವಾದಿ ಸರ್ಕಾರ ಉಳಿಸುತ್ತೇವೆ ಎಂದು ಸೋವಿಯತ್ ಸೇನೆ 1979ರಲ್ಲಿ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಹೆಸರು ಬೇರೆ, ಹೆಣ ಹೊತ್ತ ತಾಯಂದಿರ ಗೋಳು ಒಂದೇ. 2003ರಲ್ಲಿ ಇರಾಕಿನ ಮೇಲೆ ದಾಳಿ ಮಾಡುವಾಗ ಅಲ್ಲಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂದರು. ಪೋಪ್ ಎರಡನೇ ಜಾನ್ ಪಾಲ್ ಆ ಯುದ್ಧ ಬೇಡವೆಂದಿದ್ದರು. ಆಮೇಲೆ ಹುಡುಕಿದರೆ ಆ ಅಸ್ತ್ರಗಳು ಸಿಗಲಿಲ್ಲ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ನಮ್ಮ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆ ದುಬಾರಿಯಾಯಿತು.

ದೂರ ಯಾಕೆ? ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಿಡಿದು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಗಲೂ ಒಂದು ಕಾರಣವಿತ್ತು: ನಿಷೇಧಾಜ್ಞೆ ಮುರಿದರು ಅಂತ. ಗುಂಡು ಹಾರಿಸುವವರ ಹತ್ತಿರ ಕಾರಣಕ್ಕೆ ಎಂದೂ ಬರಗಾಲವಿಲ್ಲ.

ನಾವೇನು ಮಾಡೋಣ?

ನಮ್ಮ ಸಂಘವನ್ನೇ ನೋಡಿ. ಉಳಿತಾಯ ಎಲ್ಲರದು, ಹಸು ಕಟ್ಟುವುದು, ಅಂಗಡಿ ಇಡುವುದು ಅವರವರ ಜಾಣ್ಮೆ, ಲೆಕ್ಕ ಎಲ್ಲರೆದುರು. ಕಂತು ತಪ್ಪಿದವಳ ಮನೆಗೆ ಕಾರಣ ಕೇಳೋಕೆ ಹೋಗ್ತೀವಿ, ಬಾಗಿಲು ಕೀಳೋಕಲ್ಲ. ದೇಶವನ್ನೂ ಇದೇ ಅಳತೆಗೋಲಿನಿಂದ ಅಳೆಯೋಣ.

ಮುಂದಿನ ವಾರದ ಸಭೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಿ:

1. ಈ ತೀರ್ಮಾನದಿಂದ ಲಾಭ ಯಾರಿಗೆ, ನಷ್ಟ ಯಾರಿಗೆ?
2. ನಷ್ಟವಾಗುವವರನ್ನು ಮೊದಲು ಕೇಳಿದರಾ?
3. ಬಲಪ್ರಯೋಗ ಬಿಟ್ಟು ಬೇರೆ ದಾರಿಗಳನ್ನೆಲ್ಲ ನೋಡಿ ಮುಗಿಯಿತಾ?

ವೋಟು ಕೇಳೋಕೆ ಬಂದವರಿಗೂ ಇವನ್ನೇ ಕೇಳಿ. ಉತ್ತರ ಬರುವವರೆಗೂ ಕೂತೇ ಇರಿ.