ಆಫ್ರಿಕದಲ್ಲಿ ನೋಡತಕ್ಕದ್ದು



ರಜೆಯಲ್ಲಿ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ನಮ್ಮ ಹಿರಿಯರನ್ನು ಅಷ್ಟಾಗಿ ಬಾಧಿಸಿದಂತೆ ಕಾಣುವುದಿಲ್ಲ. ತವರುಮನೆ, ಮನೆದೇವರ ಸನ್ನಿಧಿ, ಹೆಚ್ಚೆಂದರೆ ಕಾಶಿ ರಾಮೇಶ್ವರ. ಇಷ್ಟರಲ್ಲಿ ಅವರ ಪ್ರವಾಸವೆಲ್ಲ ಮುಗಿಯುತ್ತಿತ್ತು. ಈಗ ಕಾಲ ಬೇರೆ. ಬೆಂಗಳೂರು ಮೈಸೂರುಗಳ ಅನುಕೂಲಸ್ಥ ಸಂಸಾರಗಳು ದಸರೆಯ ರಜೆಗೆ ಆಫ್ರಿಕ ಖಂಡಕ್ಕೆ ಹೋಗಿಬರುವುದು ಆಶ್ಚರ್ಯದ ಸಂಗತಿಯಾಗಿ ಉಳಿದಿಲ್ಲ. ಪ್ರವಾಸದ ಏರ್ಪಾಡು ಮಾಡತಕ್ಕ ಸಂಸ್ಥೆಗಳ ಬಣ್ಣದ ಪತ್ರಿಕೆಗಳನ್ನು ನೀವೂ ನೋಡಿರಬಹುದು. ಕಾಡುಮೃಗಗಳು, ಬಿಳಿಯ ಮರಳಿನ ಕಡಲತೀರ, ಅದ್ಭುತವಾದ ಪ್ರಕೃತಿದೃಶ್ಯ ಎಂದು ಅವು ಮೂರು ಸುಖಗಳ ಆಸೆ ತೋರಿಸುತ್ತವೆ. ಈ ಮೂರೂ ಅಲ್ಲಿ ಉಂಟೆಂಬುದು ನಿರ್ವಿವಾದ. ಆದರೆ ಅಲ್ಲಿ ನೋಡತಕ್ಕದ್ದು ಇನ್ನೂ ಒಂದಿದೆ. ಅದನ್ನು ನಾನು ತಿಳಿದದ್ದು ನನ್ನದೇ ಒಂದು ತಪ್ಪಿನಿಂದ. ಆದಕಾರಣ ಆ ತಪ್ಪನ್ನೇ ಮೊದಲು ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ದಸರೆಯ ರಜೆಯಲ್ಲಿ ನಾನು ಪೂರ್ವ ಆಫ್ರಿಕದ ಟಾಂಜಾನಿಯ ದೇಶಕ್ಕೆ ಹೋಗಿಬಂದೆ. ಬಂದವನು ಸುಮ್ಮನಿರದೆ, ತೆಗೆದ ಚಿತ್ರಗಳನ್ನು ಕಾಲೇಜಿನಲ್ಲಿ ಪರದೆಯ ಮೇಲೆ ತೋರಿಸಿ ಒಂದು ಗಂಟೆ ಮಾತನಾಡಿದೆ. ಸಿಂಹ, ಜಿರಾಫೆ, ಆನೆ, ಸೂರ್ಯಾಸ್ತ ಎಲ್ಲವೂ ಆಯಿತು; ವಿದ್ಯಾರ್ಥಿಗಳು ಚಪ್ಪಾಳೆಯನ್ನೂ ತಟ್ಟಿದರು. ಎಲ್ಲರೂ ಹೋದ ಮೇಲೆ ಒಬ್ಬ ಹುಡುಗ ಮಾತ್ರ ಉಳಿದ. ಯಲ್ಲಾಪುರದ ಕಡೆಯವನು, ಸಿದ್ದಿ ಜನಾಂಗಕ್ಕೆ ಸೇರಿದವನು. “ಸಾರ್, ಅಷ್ಟು ಚಿತ್ರಗಳಲ್ಲಿ ಆ ದೇಶದ ಮನುಷ್ಯರು ಒಬ್ಬರೂ ಇರಲಿಲ್ಲವಲ್ಲ?” ಎಂದು ಕೇಳಿದ. ನಾನು ಏನೋ ಸಮಾಧಾನ ಹೇಳಹೊರಟೆ. ಅವನು ಮೆಲ್ಲನೆ, “ಈ ಊರಿನ ಬಸ್ಸಿನಲ್ಲಿ ನನ್ನನ್ನು ಯಾವ ದೇಶದವನೆಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಕನ್ನಡದಲ್ಲಿ ಉತ್ತರ ಕೊಟ್ಟರೆ ನಗುತ್ತಾರೆ. ಆಫ್ರಿಕ ಎಂದರೆ ಅವರಿಗೂ ಇಂಥ ಚಿತ್ರಗಳೇ ಇರಬೇಕು, ಸಾರ್,” ಎಂದು ಹೇಳಿ ಹೊರಟುಹೋದ. ಆ ರಾತ್ರಿ ಚಿತ್ರಗಳನ್ನು ಮತ್ತೆ ನೋಡಿದೆ. ನಾನೂರಕ್ಕೆ ಮೇಲ್ಪಟ್ಟ ಚಿತ್ರಗಳಲ್ಲಿ ಮನುಷ್ಯರಿದ್ದವು ಮೂರು. ಎರಡರಲ್ಲಿ ನಾನೇ ಇದ್ದೆ; ಮೂರನೆಯದರಲ್ಲಿ ನಮ್ಮ ವಾಹನದ ಚಾಲಕನ ಮೊಣಕೈ ಇತ್ತು. ಅಂದಿನಿಂದ ನಾನು ಓದಿ ತಿಳಿದ ಕೆಲವು ಸಂಗತಿಗಳನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಆಫ್ರಿಕಕ್ಕೆ ಹೋಗಿಬಂದೆನೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಖಂಡದ ವಿಸ್ತೀರ್ಣ ಸುಮಾರು ೩ ಕೋಟಿ ಚದರ ಕಿಲೋಮೀಟರು. ನಮ್ಮ ಭರತಖಂಡದಂಥ ಒಂಬತ್ತು ದೇಶಗಳನ್ನು ಅದರಲ್ಲಿ ಹಾಸಬಹುದು. ವಿಶ್ವಸಂಸ್ಥೆಯ ಸದಸ್ಯತ್ವವುಳ್ಳ ರಾಷ್ಟ್ರಗಳೇ ಅಲ್ಲಿ ೫೪ ಇವೆ. ಎಲ್ಲವನ್ನೂ ಒಂದು ಭಾಷಣದಲ್ಲಿ ಸುತ್ತಿಬರುವುದು ಅಸಾಧ್ಯ. ಆದ್ದರಿಂದ ಮೃಗಗಳಿಗಾಗಿ ಒಂದು ಬಯಲು, ಕಡಲಿಗಾಗಿ ಒಂದು ದ್ವೀಪ, ದೃಶ್ಯಕ್ಕಾಗಿ ಒಂದು ಜಲಪಾತ, ಇವನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಮೊದಲನೆಯದು ಸೆರೆಂಗೆಟಿ. ಟಾಂಜಾನಿಯದ ಉತ್ತರದಲ್ಲಿ ೧೪ ಸಾವಿರಕ್ಕೂ ಮಿಕ್ಕ ಚದರ ಕಿಲೋಮೀಟರುಗಳಷ್ಟು ಹರಡಿರುವ ಹುಲ್ಲುಗಾವಲು ಇದು. ವಿಲ್ಡೆಬೀಸ್ಟ್ ಎಂಬ, ಗಡ್ಡವುಳ್ಳ ಒಂದು ಬಗೆಯ ದೊಡ್ಡ ಹುಲ್ಲೆಗಳು ಹತ್ತು ಲಕ್ಷಕ್ಕೂ ಮೀರಿ ಇಲ್ಲಿ ವರ್ಷವಿಡೀ ಸುತ್ತುತ್ತಿರುತ್ತವೆ. ದಕ್ಷಿಣದ ಬಯಲಿನ ಮಣ್ಣು ಹಿಂದೊಮ್ಮೆ ಜ್ವಾಲಾಮುಖಿಗಳು ಸುರಿಸಿದ ಬೂದಿ. ಅಲ್ಲಿಯ ಗಿಡ್ಡ ಹುಲ್ಲಿನಲ್ಲಿ ಸುಣ್ಣದ ಮತ್ತು ರಂಜಕದ ಅಂಶ ಹೆಚ್ಚಾದ್ದರಿಂದ ತಾಯಿಮೃಗಗಳು ಫೆಬ್ರವರಿಯ ಹೊತ್ತಿಗೆ ಅಲ್ಲಿಗೆ ಬಂದು ಈಯುತ್ತವೆ. ಮಳೆ ನಿಂತು ಹುಲ್ಲು ಒಣಗಿದರೆ ಉತ್ತರಕ್ಕೆ ಹೊರಟು, ಜುಲೈಯಿಂದ ಅಕ್ಟೋಬರಿನವರೆಗೆ ಮಾರಾ ನದಿಯನ್ನು ಮೊಸಳೆಗಳ ನಡುವೆ ಈಜಿ ದಾಟಿ ಕೀನ್ಯ ದೇಶದ ಮಸಾಯ್ ಮಾರಾವನ್ನು ಸೇರುತ್ತವೆ. ಮಳೆ ಬಂದೊಡನೆ ಮತ್ತೆ ದಕ್ಷಿಣಕ್ಕೆ ಪಯಣ.

ಇದನ್ನು ನೋಡಿದವನು, ಮನುಷ್ಯನ ಕೈ ಸೋಕದ ಆದಿಪ್ರಕೃತಿಯನ್ನು ಕಂಡೆನೆಂದು ಭಾವಿಸುವುದು ಸಹಜ. ನಾನೂ ಹಾಗೆಯೇ ಭಾವಿಸಿದ್ದೆ. ಸಂಗತಿ ಬೇರೆ. ೧೮೯೦ರ ದಶಕದಲ್ಲಿ ರಿಂಡರ್‌ಪೆಸ್ಟ್ ಎಂಬ, ನಮ್ಮ ಹಳ್ಳಿಗರು ದೊಡ್ಡರೋಗವೆನ್ನುತ್ತಿದ್ದ ದನಗಳ ಪಿಡುಗು ಪೂರ್ವ ಆಫ್ರಿಕವನ್ನೆಲ್ಲ ಹಾಳುಮಾಡಿತು. ದನಗಳನ್ನೇ ನಂಬಿದ್ದ ಮಸಾಯ್ ಜನ ಹಸಿವಿನಿಂದ ಸತ್ತರು. ಹುಲ್ಲೆಗಳೂ ಅದೇ ರೋಗದಿಂದ ಸತ್ತವು. ಮುಂದೆ ದನಗಳಿಗೆ ಲಸಿಕೆ ಹಾಕಿ ರೋಗವನ್ನು ಅಡಗಿಸಿದ ಮೇಲೆ, ೧೯೬೦ರ ಸುಮಾರಿಗೆ ಎರಡೂವರೆ ಲಕ್ಷದಷ್ಟಿದ್ದ ವಿಲ್ಡೆಬೀಸ್ಟುಗಳು ಇಪ್ಪತ್ತು ವರ್ಷಗಳೊಳಗಾಗಿ ಹತ್ತು ಲಕ್ಷವನ್ನು ಮೀರಿದವು. ೨೦೧೧ರಲ್ಲಿ ಆ ರೋಗ ಲೋಕದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ನಾವು ಬೆರಗಾಗಿ ನೋಡುವ ಆ ಮೃಗಸಮೂಹ ಹೀಗೆ ದನಕಾಯುವವರ ದನಗಳ ಆರೋಗ್ಯಕ್ಕೆ ಋಣಿಯಾಗಿದೆ. ಆ ದನಕಾಯುವವರಾದರೋ ಈಗ ಸೆರೆಂಗೆಟಿಯಲ್ಲಿಲ್ಲ. ೧೯೫೯ರಲ್ಲಿ ವಸಾಹತು ಸರ್ಕಾರ ಮಸಾಯರನ್ನು ರಾಷ್ಟ್ರೋದ್ಯಾನದಿಂದ ನೆರೆಯ ಗೊರೊಂಗೊರೊ ಪ್ರದೇಶಕ್ಕೆ ಕಳುಹಿಸಿತು. ಸೆರೆಂಗೆಟಿ ಎಂಬ ಹೆಸರು ಮಾತ್ರ ಅವರ ಭಾಷೆಯದು. ಕೊನೆಯಿಲ್ಲದ ಬಯಲೆಂದು ಅದರ ಅರ್ಥವಂತೆ. ನಾಗರಹೊಳೆಯ ಕಾಡಿನಿಂದ ಹೊರಗೆ ಬಂದ ಜೇನುಕುರುಬರನ್ನು ಬಲ್ಲ ನಮಗೆ ಈ ಕಥೆ ತೀರ ಹೊಸದಲ್ಲ. ಮೃಗಗಳನ್ನು ಉಳಿಸಬೇಡವೆಂದು ನಾನು ಹೇಳುತ್ತಿಲ್ಲ. ಉಳಿಸುವುದಕ್ಕೆ ಯಾರು ಬೆಲೆ ತೆತ್ತರೆಂಬುದನ್ನು ನೋಡಹೋದವನು ತಿಳಿದಿರಬೇಕು.

ಬಯಲಿನಿಂದ ಕಡಲಿಗೆ ಬರೋಣ. ಟಾಂಜಾನಿಯದ ಒಳನಾಡಿನ ಧೂಳಿನಲ್ಲಿ ದಣಿದವರು ವಿಶ್ರಾಂತಿಗಾಗಿ ಹೋಗುವುದು ಅದೇ ದೇಶಕ್ಕೆ ಸೇರಿದ ಜಾಂಜಿಬಾರ್ ದ್ವೀಪಕ್ಕೆ. ನಮ್ಮಲ್ಲಿ ಮುಂಗಾರು ಹಿಂಗಾರುಗಳನ್ನು ತರುವ ಗಾಳಿಗಳೇ ಆ ದ್ವೀಪವನ್ನು ಬೆಳೆಸಿದವು. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಹಿಡಿದು ಅರಬರ ಮತ್ತು ಕಚ್ಛೀ ವರ್ತಕರ ಹಾಯಿಹಡಗುಗಳು ಅಲ್ಲಿಗೆ ಹೋಗುತ್ತಿದ್ದವು. ನೈಋತ್ಯದ ಗಾಳಿ ಎದ್ದಾಗ ಹಿಂದಿರುಗುತ್ತಿದ್ದವು. ಅಲ್ಲಿಯ ಹಳೆಯ ಮನೆಗಳ ಕೆತ್ತನೆಯ ಬಾಗಿಲುಗಳ ಮೇಲೆ ಗುಜರಾತಿನ ಕೈಗುರುತು ಇದೆ. ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ಗಾಡಿಗೆ ‘ಗಾರಿ’, ಅಂಗಡಿಗೆ ‘ದುಕಾ’, ಬಣ್ಣಕ್ಕೆ ‘ರಂಗಿ’ ಎನ್ನುತ್ತಾರೆ. ಗಾಡಿ, ದುಕಾನು, ರಂಗು ಎನ್ನುವ ನಮಗೆ ಅವು ಅಪರಿಚಿತ ಶಬ್ದಗಳಲ್ಲ.

ದ್ವೀಪದ ಪೂರ್ವತೀರದಲ್ಲಿ ಪಾಜೆ ಎಂಬ ಊರಿದೆ. ಇಳಿತದ ಹೊತ್ತಿನಲ್ಲಿ ನೀರು ಬಹುದೂರ ಹಿಂದಕ್ಕೆ ಸರಿಯುತ್ತದೆ. ಪ್ರವಾಸಿಗಳಿಗೆ ಇದು ಬೇಸರದ ವೇಳೆ. ಊರಿನ ಹೆಂಗಸರಿಗೆ ಅದೇ ದುಡಿಮೆಯ ವೇಳೆ. ಮೊಣಕಾಲುದ್ದದ ನೀರಿನಲ್ಲಿ ಗೂಟ ಹುಗಿದು ಹಗ್ಗ ಕಟ್ಟಿ ಅವರು ಸಮುದ್ರದ ಪಾಚಿಯನ್ನು ಬೆಳೆಯುತ್ತಾರೆ. ಸಮುದ್ರ ಬಿಸಿಯಾಗುತ್ತ ಬಂದುದರಿಂದ ಆ ಬೆಳೆಗೆ ಈಚೆಗೆ ರೋಗ ಹತ್ತಿದೆ. ನಾನು ಕುರ್ಚಿಯಲ್ಲಿ ಕುಳಿತು ನೀರು ಯಾವಾಗ ಬಂದೀತೆಂದು ಗಡಿಯಾರ ನೋಡುತ್ತಿದ್ದೆನೇ ಹೊರತು, ಅವರೇನು ಮಾಡುತ್ತಿರುವರೆಂದು ಎದ್ದುಹೋಗಿ ಕೇಳಲಿಲ್ಲ. ಪಟ್ಟಣದೊಳಗೆ, ೧೮೭೩ರವರೆಗೆ ಗುಲಾಮರ ಸಂತೆ ನಡೆಯುತ್ತಿದ್ದ ಸ್ಥಳದಲ್ಲಿ ಈಗ ಒಂದು ದೊಡ್ಡ ಇಗರ್ಜಿಯಿದೆ. ಅದರ ಅಂಗಳದ ಗುಂಡಿಯಲ್ಲಿ ಕೊರಳಿಗೆ ಸರಪಣಿ ಬಿಗಿದ ಪ್ರತಿಮೆಗಳು ನಿಂತಿವೆ. ಕಡಲತೀರಕ್ಕೆ ಹೋಗುವ ಮೊದಲು ಅದನ್ನು ನೋಡಬೇಕೆಂದು ನನ್ನ ಪ್ರಾರ್ಥನೆ.

ಕಡಲತೀರ ಎಲ್ಲರಿಗೂ ಸೇರಿದ್ದೆಂದು ನಾವು ತಿಳಿಯುತ್ತೇವೆ. ಖಂಡದ ದಕ್ಷಿಣತುದಿಯ ದೇಶದಲ್ಲಿ ೧೯೫೩ರ ಒಂದು ಕಾನೂನಿನ ಬಲದಿಂದ ಮರಳನ್ನು ಕೂಡ ಬಣ್ಣಕ್ಕೆ ತಕ್ಕಂತೆ ಹಂಚಿದ್ದರು. ಡರ್ಬನ್ ನಗರದಲ್ಲಿ ಬಿಳಿಯರಿಗೊಂದು, ಆಫ್ರಿಕದವರಿಗೊಂದು, ೧೮೬೦ರಿಂದ ಕಬ್ಬಿನ ತೋಟಗಳಿಗೆ ಹೋಗಿ ನೆಲೆಸಿದ ನಮ್ಮ ದೇಶದವರ ಸಂತತಿಗೊಂದು ತೀರ. ಈ ಭೇದ ೧೯೮೯ರಲ್ಲಿ ಹೋಯಿತು; ಕಾನೂನು ರದ್ದಾದದ್ದು ೧೯೯೦ರಲ್ಲಿ. ಆ ತೀರದಲ್ಲಿ ಇಂದು ಆಡುವ ಮಕ್ಕಳ ಅಜ್ಜ ಅಜ್ಜಿಯರಲ್ಲಿ ಅನೇಕರು ಆ ಫಲಕಗಳನ್ನು ಕಣ್ಣಾರೆ ಕಂಡವರು.

ಮೂರನೆಯದು ಜಲಪಾತ. ಜಾಂಬಿಯ ಮತ್ತು ಜಿಂಬಾಬ್ವೆ ದೇಶಗಳ ಗಡಿಯಲ್ಲಿ ಜಾಂಬೆಜಿ ನದಿ ಸುಮಾರು ೧,೭೦೦ ಮೀಟರು ಅಗಲವಾಗಿ ೧೦೮ ಮೀಟರು ಕೆಳಕ್ಕೆ ಬೀಳುತ್ತದೆ. ನಮ್ಮ ಜೋಗ ಎತ್ತರದಲ್ಲಿ ಅದಕ್ಕೆ ಎರಡರಷ್ಟಕ್ಕೂ ಮಿಗಿಲು. ಅಗಲದಲ್ಲಿ ಮಾತ್ರ ಹೋಲಿಕೆಯಿಲ್ಲ. ಏಪ್ರಿಲಿನ ಪ್ರವಾಹದಲ್ಲಿ ಏಳುವ ತುಂತುರು ಬಹುದೂರಕ್ಕೆ ಕಾಣುವುದರಿಂದ ಸ್ಥಳೀಯರು ಅದನ್ನು ‘ಮೋಸಿ-ಓವಾ-ತುನ್ಯ’, ಎಂದರೆ ಗುಡುಗುವ ಹೊಗೆ, ಎಂದು ಕರೆದರು. ೧೮೫೫ರಲ್ಲಿ ಅಲ್ಲಿಗೆ ಬಂದ ಲಿವಿಂಗ್‌ಸ್ಟನ್ ತನ್ನ ರಾಣಿಯ ಹೆಸರಿಟ್ಟು ವಿಕ್ಟೋರಿಯ ಜಲಪಾತವೆಂದ. ನಮ್ಮ ಜೋಗವನ್ನೂ ಆಂಗ್ಲರ ಪುಸ್ತಕಗಳು ಗೇರುಸೊಪ್ಪೆಯ ಜಲಪಾತವೆಂದೇ ಕರೆಯುತ್ತಿದ್ದವು. ನಮಗೆ ಜೋಗ ಜೋಗವಾಗಿಯೇ ಉಳಿಯಿತು. ಅಲ್ಲಿಗೆ ಹೋದಾಗ ಆ ಹಳೆಯ ಹೆಸರನ್ನು ಒಮ್ಮೆ ಬಾಯಲ್ಲಿ ಹೇಳಿದರೆ ನಮಗೇನೂ ನಷ್ಟವಿಲ್ಲ.

ಇನ್ನು ಹೊರಡುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಪೂರ್ವ ಆಫ್ರಿಕದಲ್ಲಿ ಮಾರ್ಚಿಯಿಂದ ಮೇ ತಿಂಗಳವರೆಗೆ ದೊಡ್ಡ ಮಳೆಗಾಲ. ನಮ್ಮ ಬೇಸಗೆಯ ರಜೆ ಅದಕ್ಕೆ ಒಗ್ಗುವುದಿಲ್ಲ, ದಸರೆಯ ರಜೆ ಒಗ್ಗುತ್ತದೆ. ಕೀನ್ಯ, ಉಗಾಂಡ ಮೊದಲಾದ ದೇಶಗಳಿಗೆ ಹೋಗುವವರು ಪೀತಜ್ವರದ ಚುಚ್ಚುಮದ್ದನ್ನು ಹತ್ತು ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಇಲ್ಲವಾದರೆ ಹಿಂದಿರುಗಿದಾಗ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯದ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಹೊರಡಬೇಕು. ಪ್ಲಾಸ್ಟಿಕ್ ಚೀಲಗಳನ್ನು ಕೀನ್ಯ ೨೦೧೭ರಲ್ಲಿಯೂ ಟಾಂಜಾನಿಯ ೨೦೧೯ರಲ್ಲಿಯೂ ನಿಷೇಧಿಸಿದವು; ಅವನ್ನು ಮನೆಯಲ್ಲಿಯೇ ಬಿಟ್ಟುಹೋಗುವುದು ಲೇಸು. ಎಲ್ಲಕ್ಕಿಂತ ಹೆಚ್ಚಾಗಿ, ಕೊಟ್ಟ ಹಣ ಯಾರಿಗೆ ಸೇರುತ್ತದೆಂದು ವಿಚಾರಿಸಬೇಕು. ರ್‌ವಾಂಡ ದೇಶದಲ್ಲಿ ಬೆಟ್ಟದ ಗೊರಿಲ್ಲಗಳನ್ನು ಒಂದು ಗಂಟೆ ನೋಡುವುದಕ್ಕೆ ೨೦೧೭ರಲ್ಲಿ ೧,೫೦೦ ಡಾಲರುಗಳ ಶುಲ್ಕವನ್ನು ಗೊತ್ತುಮಾಡಿದರು. ಹುಬ್ಬೇರಿಸುವಂಥ ಮೊತ್ತವೇ ಸರಿ. ಆದರೆ ಉದ್ಯಾನಗಳ ವರಮಾನದಲ್ಲಿ ನೂರಕ್ಕೆ ಹತ್ತರ ಪಾಲು ಸುತ್ತಲಿನ ಹಳ್ಳಿಗಳಿಗೆ ಸಲ್ಲಬೇಕೆಂದೂ ಅದೇ ವರ್ಷ ನಿಯಮವಾಯಿತು. ನಮೀಬಿಯ ದೇಶ ೧೯೯೬ರ ಕಾನೂನಿನಿಂದ ತಮ್ಮ ನೆಲದ ಮೃಗಗಳಿಂದ ಬರುವ ಲಾಭದ ಹಕ್ಕನ್ನು ಗ್ರಾಮಸಮುದಾಯಗಳಿಗೇ ಕೊಟ್ಟಿತು. ಇಂಥ ಕಡೆ ಪ್ರವಾಸಿಯ ಹಣ ಕಾಡನ್ನೂ ಜನರನ್ನೂ ಒಟ್ಟಿಗೆ ಕಾಯುತ್ತದೆ.

ಸ್ವಾಹಿಲಿಯಲ್ಲಿ ಒಂದು ಗಾದೆಯುಂಟು: ಎರಡು ದಿನ ಅವನು ಅತಿಥಿ, ಮೂರನೆಯ ದಿನ ಅವನ ಕೈಗೆ ಗುದ್ದಲಿ ಕೊಡು. ಬಂದವನು ಉಂಡು ನೋಡಿ ಹೊರಟುಹೋದರೆ ಸಾಲದು, ಮನೆಯವರ ಕಷ್ಟದಲ್ಲಿ ಪಾಲುಗಾರನೂ ಆಗಬೇಕೆಂದು ನಾನು ಇದಕ್ಕೆ ಅರ್ಥ ಮಾಡಿಕೊಂಡಿದ್ದೇನೆ. ನಾಲ್ಕು ದಿನದ ಪ್ರವಾಸಿಗೆ ಗುದ್ದಲಿ ಹಿಡಿಯುವ ಶಕ್ತಿಯಿಲ್ಲದಿರಬಹುದು. ಚಾಲಕನ ಹೆಸರು ಕೇಳುವ, ಅವನ ಊರಿನ ಮಳೆಬೆಳೆ ವಿಚಾರಿಸುವ ಶಕ್ತಿ ಎಲ್ಲರಿಗೂ ಇದೆ.

ಅದಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದು ಇಲ್ಲಿಯೇ ಇದೆ. ಪೋರ್ತುಗೀಸರು ಪೂರ್ವ ಆಫ್ರಿಕದ ತೀರದಿಂದ ಗುಲಾಮರಾಗಿ ಗೋವಕ್ಕೆ ತಂದವರಲ್ಲಿ ಕೆಲವರು ತಪ್ಪಿಸಿಕೊಂಡು ಘಟ್ಟದ ಕಾಡುಗಳಲ್ಲಿ ನೆಲೆನಿಂತರು. ಅವರ ಸಂತತಿಯವರು ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಡೆ ಶತಮಾನಗಳಿಂದ ನಮ್ಮ ನೆರೆಯವರಾಗಿದ್ದಾರೆ. ಆ ಹುಡುಗನನ್ನು ಮಾರನೆಯ ದಿನ ಕರೆಸಿ, ನನ್ನದು ತಪ್ಪಾಯಿತೆಂದು ಹೇಳಿದೆ. ಅವನು ನಕ್ಕು, “ಮುಂದಿನ ಸಲ ಯಲ್ಲಾಪುರಕ್ಕೇ ಬನ್ನಿ, ಸಾರ್; ಖರ್ಚು ಕಡಿಮೆ,” ಎಂದ. ಆ ಬೇಸಗೆಯಲ್ಲಿ ಹೋಗಿಬಂದೆ. ಅವರ ಮನೆಯ ಅಂಗಳದಲ್ಲಿ ಎಲ್ಲರೂ ಸೇರಿ ತೆಗೆಸಿಕೊಂಡ ಒಂದು ಚಿತ್ರ ಈಗ ನನ್ನ ಮೇಜಿನ ಮೇಲಿದೆ.